ಪದ ಬೇಕಾಗಿದೆ: ‘ರೋಗ್’, ‘ಕ್ಲೆರಿಕ್’, ‘ಪ್ಯಾಲಡಿನ್’ (ಶುಕ್ರವಾರ ಸಂಜೆಯೊಳಗೆ)

ಕೇಳಿಕೆ, ಮೈಸೂರಿನಿಂದ

ಮಾನ್ಯರೆ,

ಬರುವ ಶನಿವಾರದಿಂದ ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಹೈಸ್ಕೂಲಿನ 11 ಮಕ್ಕಳಿಗೆ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟವನ್ನು ಕನ್ನಡದಲ್ಲಿಯೇ ಆಡಿಸುತ್ತೇನೆಂದು ಒಪ್ಪಿಕೊಂಡಿದ್ದೇನೆ. ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರೂ ಒಂದೊಂದು ಪಾತ್ರ ವಹಿಸಿಕೊಂಡು, ಮಾತಿನಲ್ಲಿಯೇ ಕಥೆ ನಡೆಸುತ್ತ, ಗೆದ್ದೆವೋ ಸೋತೆವೋ ಎಂಬುದನ್ನು 20 ಮುಖಗಳ ದಾಳಕ್ಕೆ ಬಿಡುವ ಆಟವಿದು. ಪ್ರತಿ ಪಾತ್ರಕ್ಕೂ ಅದು ಯಾವ ಬಗೆಯದೆಂದು ಹೇಳುವ ಒಂದು ‘ಕ್ಲಾಸ್’ ಇರುತ್ತದೆ. 2014ರ ಆವೃತ್ತಿಯ ಆಟಗಾರರ ಕೈಪಿಡಿಯಲ್ಲಿ ಅಂಥವು 12. ಪಾತ್ರದ ಹಾಳೆಯ ನೆತ್ತಿಯಲ್ಲಿ ಅದಕ್ಕೆಂದು ಒಂದೂವರೆ ಅಂಗುಲದ ಚೌಕವಿದೆ. ಅದರೊಳಗೆ ಹಿಡಿಸುವ ಒಂಟಿ ಪದಗಳು ಬೇಕಾಗಿವೆ. ಹಾಳೆಗಳು ಶುಕ್ರವಾರ ಸಂಜೆ ಅಚ್ಚಿಗೆ ಹೋಗುತ್ತವೆ.

‘ಫೈಟರ್’ಗೆ ‘ಕಾದಾಳು’ ಇಟ್ಟುಕೊಂಡಿದ್ದೇನೆ. ದೊಡ್ಡ ತೊಡಕಿರುವುದು ‘ರೋಗ್’ನಲ್ಲಿ. ಬೀಗ ಬಿಚ್ಚುವ, ಸದ್ದಿಲ್ಲದೆ ನುಸುಳುವ, ಬೆನ್ನ ಹಿಂದಿನಿಂದ ಇರಿಯುವ ಪಾತ್ರವದು. ಯಾರಿಗೆ ಏನು ಇಷ್ಟವೆಂದು ಮೊದಲೇ ಕೇಳಿದಾಗ ಆರು ಮಕ್ಕಳು ಅದೇ ತಮಗಿರಲಿ ಎಂದರು. ಇಂಗ್ಲಿಷಿನ ಹೆಸರನ್ನೇ ಕನ್ನಡ ಅಕ್ಷರದಲ್ಲಿ ಬರೆದು ಒಂದು ಮಾದರಿ ಹಾಳೆಯನ್ನು ತೋರಿಸಿದೆ. ಒಬ್ಬ ಹುಡುಗಿ ಓದಿ, “ಯಾವ ರೋಗ, ಮಿಸ್?” ಎಂದಳು. ಕಾಡಿನಲ್ಲಿ ಬೇಟೆಯಾಡುತ್ತ ಅಲೆಯುವ ಪಾತ್ರವಾದ ‘ರೇಂಜರ್’ ಎಂದರೆ ಮಲೆನಾಡಿನಿಂದ ಬಂದ ಹುಡುಗನಿಗೆ ಖಾಕಿ ತೊಟ್ಟು ಜೀಪಿನಲ್ಲಿ ಬರುವ ಅರಣ್ಯಾಧಿಕಾರಿ. ಆದ್ದರಿಂದ ಲಿಪ್ಯಂತರದ ಸಲಹೆ ದಯವಿಟ್ಟು ಬೇಡ.

ಉಳಿದವು: ದೇವರ ಬಲದಿಂದ ಗಾಯ ಮಾಯಿಸುವ ‘ಕ್ಲೆರಿಕ್’, ಒಂದು ಪ್ರತಿಜ್ಞೆಗೆ ಕಟ್ಟುಬಿದ್ದು ಕಾದುವ ‘ಪ್ಯಾಲಡಿನ್’, ಓದಿ ಮಂತ್ರ ಕಲಿತ ‘ವಿಜರ್ಡ್’, ಹುಟ್ಟಿನಿಂದಲೇ ಅದನ್ನು ಪಡೆದ ‘ಸಾರ್ಸರರ್’, ಯಾವುದೋ ಶಕ್ತಿಯೊಡನೆ ಒಪ್ಪಂದ ಮಾಡಿಕೊಂಡು ಅದನ್ನು ಗಳಿಸಿದ ‘ವಾರ್ಲಾಕ್’. ಈ ಮೂವರನ್ನೂ ‘ಮಾಂತ್ರಿಕ’ ಎಂದುಬಿಟ್ಟರೆ ಆಟವೇ ಕೆಡುತ್ತದೆ.

ಮರುಓಲೆ, ಧಾರವಾಡದಿಂದ

ಇದರಲ್ಲಿ ಚರ್ಚೆಗೆ ಏನಿದೆಯೋ ತಿಳಿಯದು. ‘ಕಳ್ಳ’ ಎಂಬ ಪದ ತಮಿಳು ಮಲೆಯಾಳಗಳಲ್ಲಿಯೂ ಬಳಗವುಳ್ಳದ್ದು. ಅದಿರುವಾಗ ‘ಚೋರ’, ‘ತಸ್ಕರ’ ಎಂದು ಯಾರಾದರೂ ಬರೆದರೆ ನಾನು ಉತ್ತರಿಸುವುದಿಲ್ಲ. ಇನ್ನೂ ಬಿಗಿಯಾದದ್ದು ಬೇಕಿದ್ದರೆ ‘ಕನ್ನಗಳ್ಳ’ ಎನ್ನಿ. ಪ್ಯಾಲಡಿನ್‌ಗೆ ‘ವೇಳೆವಾಳಿ’. ಒಡೆಯನಿಗಾಗಿ ಪ್ರಾಣ ಕೊಡುವ ಭಾಷೆಯಿತ್ತು ಅದರಂತೆ ನಡೆದವರನ್ನು ನಮ್ಮ ಶಾಸನಗಳು ಹಾಗೆ ಕರೆದಿವೆ. ಹೊಯ್ಸಳರಲ್ಲಿ ಅಂಥವರಿಗೆ ‘ಗರುಡ’ ಎಂಬ ಹೆಸರೂ ಇತ್ತು. ಎರಡನೆಯ ವೀರಬಲ್ಲಾಳನೊಡನೆ ಪ್ರಾಣಬಿಟ್ಟ ಕುವರ ಲಕ್ಷ್ಮನ ಕಂಬವನ್ನು ಹಳೇಬೀಡಿನಲ್ಲಿ ಇಂದಿಗೂ ನೋಡಬಹುದು. ಮಂತ್ರದವನಿಗೆ ‘ಗಾರುಡಿಗ’ ಸಾಕು. ‘ಮಾಟಗಾರ’ ಬೇಡ, ಏಕೆಂದರೆ ‘ಗಾರ’ ಎಂಬುದು ಸಂಸ್ಕೃತದ ‘ಕಾರ’ದಿಂದ ಬಂದ ಪ್ರತ್ಯಯ, ನಮ್ಮದಲ್ಲ.

ಮರುಓಲೆ, ಉಡುಪಿಯಿಂದ

ಹಿರಿಯರು ಎತ್ತಿಹಿಡಿದ ‘ವೇಳೆವಾಳಿ’ಯ ಮೊದಲರ್ಧವಾದ ‘ವೇಳೆ’ಯೇ ಸಂಸ್ಕೃತದ ‘ವೇಲಾ’ ಎಂಬುದರ ತದ್ಭವವೆಂಬುದನ್ನು ಗೌರವಪೂರ್ವಕವಾಗಿ ನೆನಪಿಸುತ್ತೇನೆ. ‘ಗರುಡ’ ಯಾವ ನುಡಿಯದೆಂದು ನಾನು ಹೇಳಬೇಕಾಗಿಲ್ಲ. ಒಂದೇ ಮೇಜಿನ ಮೇಲೆ ಒಬ್ಬನನ್ನು ಗರುಡನೆಂದೂ ಪಕ್ಕದವನನ್ನು ಗಾರುಡಿಗನೆಂದೂ ಕರೆಯುವ ಆಟವನ್ನು ಯಾರು ಆಡಿಯಾರು?

ಕಳ್ಳತನದ ಶಾಸ್ತ್ರ ಸಂಸ್ಕೃತದಲ್ಲಿಲ್ಲದ್ದೇನೂ ಅಲ್ಲ. ‘ಮೃಚ್ಛಕಟಿಕ’ದ ಮೂರನೆಯ ಅಂಕದಲ್ಲಿ ಶರ್ವಿಲಕನು ಗೋಡೆಗೆ ಯಾವ ಆಕಾರದ ಕನ್ನ ಕೊರೆಯಬೇಕೆಂದು ಲೆಕ್ಕ ಹಾಕಿ, ಅಳತೆಯ ದಾರ ಮರೆತು ಬಂದುದರಿಂದ ಜನಿವಾರದಲ್ಲಿಯೇ ಅಳೆಯುತ್ತಾನೆ. ಆರು ಮಕ್ಕಳು ಬಯಸಿರುವ ಪಾತ್ರ ಇವನೇ, ಸಂದೇಹವಿಲ್ಲ.

ನನ್ನ ಸಲಹೆ ಬೇರೆಯದು. ತಾವು ವಿವರಿಸಿದ ಆಟಕ್ಕೆ ಹತ್ತಿರವಾದದ್ದು ನಮ್ಮಲ್ಲಿ ತಾಳಮದ್ದಳೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪಂಚೆ ಶಲ್ಯ ಹಾಕಿ ಕುಳಿತವರು ಭಾಗವತರ ಪದ ಮುಗಿದೊಡನೆ ಆಶುವಾಗಿ ಮಾತು ಕಟ್ಟುತ್ತಾರೆ. “ಇವತ್ತು ಕರ್ಣನ ಅರ್ಥ ಯಾರದು?” ಎಂದೇ ನಾವು ಕೇಳುವುದು. ಆಟಗಾರನನ್ನು ‘ಅರ್ಥಧಾರಿ’ ಎಂದೂ, ಆಟ ನಡೆಸುವವರನ್ನು ‘ಭಾಗವತ’ರೆಂದೂ ಕರೆದರೆ ಮಕ್ಕಳಿಗೆ ವಿವರಿಸುವ ಕೆಲಸ ಅರ್ಧ ಮುಗಿಯಿತು. ಒಂದು ವ್ಯತ್ಯಾಸವುಂಟು: ಕರ್ಣ ಎಷ್ಟೇ ಚೆನ್ನಾಗಿ ವಾದಿಸಿದರೂ ಪ್ರಸಂಗದಲ್ಲಿ ಸಾಯಲೇಬೇಕು, ತಮ್ಮ ದಾಳಕ್ಕೆ ಆ ಕಟ್ಟುಪಾಡಿಲ್ಲ. ಕ್ಲೆರಿಕ್‌ಗೆ ‘ಪಾತ್ರಿ’ ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ, ದಯವಿಟ್ಟು ಬೇಡ. ದರ್ಶನ ಬರುವವರನ್ನು ನಮ್ಮಲ್ಲಿ ಜನ ಕೈಮುಗಿದು ಹಾಗೆ ಕರೆಯುತ್ತಾರೆ.

ಮರುಓಲೆ, ಅಮೆರಿಕದಿಂದ

ನಾನು ಈ ಆಟವನ್ನು ಹಲವು ವರ್ಷಗಳಿಂದ ಆಡುತ್ತಿದ್ದೇನೆ, ಹೆಚ್ಚಾಗಿ ಕ್ಲೆರಿಕ್ ಆಗಿಯೇ. ಉಳಿದವರು ಯಾರೂ ಅದನ್ನು ಮುಟ್ಟುವುದಿಲ್ಲ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಆಟವನ್ನು ಹೊರತಂದಾಗ ಮೂರೇ ಬಗೆಗಳಿದ್ದವು: ಕಾದುವವನು, ಮಂತ್ರ ಬಳಸುವವನು, ಕ್ಲೆರಿಕ್. 1975ರ ಪುರವಣಿಯಲ್ಲಿ ಸೇರಿದವನ ಹೆಸರು ಸರಳವಾಗಿ ‘ಥೀಫ್’, ಎಂದರೆ ಕಳ್ಳ. 2000ದ ಮೂರನೆಯ ಆವೃತ್ತಿಯಲ್ಲಿ ಅವನು ‘ರೋಗ್’ ಆದ, ಏಕೆಂದರೆ ಆ ಪಾತ್ರವನ್ನು ಆಡುವವರೆಲ್ಲರೂ ಕದಿಯಲೇಬೇಕೆಂದಿಲ್ಲ. ಗೂಢಚಾರನೋ ಬೇಹಿನವನೋ ಆಗಿರಬಹುದು. ಹೀಗಾಗಿ ‘ಕಳ್ಳ’ ಎಂಬುದು ಹಳೆಯ ಆಟಕ್ಕೆ ಸರಿ, ಈಗಿನದಕ್ಕೆ ತುಸು ಇಕ್ಕಟ್ಟು.

ಇಂಗ್ಲಿಷಿನವರು ಇವನ್ನೆಲ್ಲ ತಮ್ಮ ಹಿತ್ತಲಿನಲ್ಲಿ ಬೆಳೆದುಕೊಂಡರೆಂದು ಧಾರವಾಡದವರು ಭಾವಿಸಿದಂತಿದೆ. ‘ಪ್ಯಾಲಡಿನ್’ ರೋಮಿನ ಪ್ಯಾಲಟೈನ್ ಗುಡ್ಡದ ಹೆಸರಿನಿಂದ ಹೊರಟು, ಷಾರ್ಲ್‌ಮೇನ್ ದೊರೆಯ ಹನ್ನೆರಡು ವೀರರ ಕಥೆಗಳನ್ನು ಹಾದು ಅಲ್ಲಿಗೆ ಬಂದದ್ದು. ಹಾಡಿನವನಾದ ‘ಬಾರ್ಡ್’, ಕಾಡಿನ ಶಕ್ತಿಯವನಾದ ‘ಡ್ರೂಯಿಡ್’ ಎರಡೂ ಯುರೋಪಿನ ಪ್ರಾಚೀನ ಕೆಲ್ಟರವು. ‘ವಾರ್ಲಾಕ್’ ಅಪ್ಪಟ ಹಳೆಯ ಇಂಗ್ಲಿಷು, ಅದರ ಮೂಲಾರ್ಥ ಕೊಟ್ಟ ಮಾತಿಗೆ ತಪ್ಪಿದವನು ಎಂದು. ಒಪ್ಪಂದದ ಮೇಲೆಯೇ ಬದುಕುವ ಪಾತ್ರಕ್ಕೆ ಆ ಹೆಸರು!

ಮರುಓಲೆ, ಧಾರವಾಡದಿಂದ

ಅವರು ಸಾಲ ಮಾಡಿದರೆಂದು ನಾವೂ ಮಾಡಬೇಕೆಂಬುದು ತರ್ಕವಲ್ಲ.

ಮರುಓಲೆ, ಬಳ್ಳಾರಿಯಿಂದ

ಎರಡು ದಿನದಿಂದ ಎಲ್ಲರೂ ಪದದ ಹುಟ್ಟನ್ನು ನೋಡುತ್ತಿದ್ದೀರಿ, ಅದು ಇಂದು ಯಾರ ಮೇಲೆ ಕುಳಿತಿದೆ ಎಂಬುದನ್ನಲ್ಲ. ಕನ್ನಡದಲ್ಲಿ ಕಸುಬಿನ ಹೆಸರೆಂದರೆ ಬಹುಪಾಲು ಜನರ ಹೆಸರು. ರೇಂಜರ್‌ಗೆ ‘ಬೇಡ’ ಎನ್ನುತ್ತೀರಿ, ಬಾರ್ಡ್‌ಗೆ ‘ಹೆಳವ’ ಅಥವಾ ‘ಗೊರವ’, ಕ್ಲೆರಿಕ್‌ಗೆ ‘ಪೂಜಾರಿ’. ಇವೆಲ್ಲವೂ ಇಂದು ಸಮುದಾಯಗಳ ಹೆಸರು, ಇಲ್ಲವೇ ಜನರ ಹೆಸರಿನ ಕೊನೆಯಲ್ಲಿರುವ ಹೆಸರು. ಅದರ ಮೇಲೆ, ಪಾತ್ರ ಮನುಷ್ಯನೋ ಕುಬ್ಜನೋ ಎಂದು ಹೇಳುವ ಆಟದ ‘ರೇಸ್’ ಎಂಬುದನ್ನು ‘ಕುಲ’ವೆಂದು ತರ್ಜುಮೆ ಮಾಡಿದರೆ, ಗ್ರಂಥಾಲಯದ ಮೇಜಿನ ಮೇಲೆ ಮಕ್ಕಳು ಕುಲವನ್ನೂ ಕಸುಬನ್ನೂ ಒಂದರ ಕೆಳಗೊಂದು ಬರೆದು ಆಡಲು ಕೂರಬೇಕಾಗುತ್ತದೆ. 2024ರ ಪರಿಷ್ಕರಣೆಯಲ್ಲಿ ಆಟದವರೇ ‘ರೇಸ್’ ಎಂಬ ಪದವನ್ನು ಕೈಬಿಟ್ಟಿದ್ದಾರೆ.

ಇನ್ನೊಂದು ಮಾತು. ‘ಕಳ್ಳ’ ಪುಲ್ಲಿಂಗ. ‘ಯಾವ ರೋಗ’ ಎಂದು ಕೇಳಿದ ಹುಡುಗಿಯ ಹಾಳೆಯಲ್ಲಿ ಏನು ಅಚ್ಚು ಹಾಕಿಸುತ್ತೀರಿ, ‘ಕಳ್ಳಿ’ ಎಂದೇ? ನಮ್ಮ ಕಡೆ ಬೇಲಿಗೆ ಹಚ್ಚುವುದು ಅದನ್ನೇ.

ಮರುಓಲೆ, ಮೈಸೂರಿನಿಂದ

ಎಲ್ಲರಿಗೂ ವಂದನೆಗಳು. ಬಳ್ಳಾರಿಯವರ ಪತ್ರವನ್ನು ಓದಿದ ಮೇಲೆ ಪಟ್ಟಿಯನ್ನು ಮೊದಲಿನಿಂದ ಬರೆದೆ. ನಮ್ಮ ಮಕ್ಕಳಲ್ಲಿ ಒಬ್ಬನ ಹೆಸರು ನಿಜವಾಗಿಯೂ ‘ಪೂಜಾರಿ’ ಎಂದು ಮುಗಿಯುತ್ತದೆ, ಮತ್ತು ಅವನಿಗೆ ಬೇಕಾಗಿರುವುದು ಕ್ಲೆರಿಕ್ ಅಲ್ಲ, ರೋಗ್. ಆದ್ದರಿಂದ ಆಡುವವರಿಗೆ ಹೆಸರಿಡುವುದನ್ನೇ ಬಿಟ್ಟು ಅವರು ಮಾಡುವ ಕೆಲಸಕ್ಕೆ ಹೆಸರಿಟ್ಟಿದ್ದೇನೆ: ರೋಗ್ ‘ಕನ್ನ’, ಫೈಟರ್ ‘ಕಾಳಗ’, ರೇಂಜರ್ ‘ಬೇಟೆ’, ಬಾರ್ಡ್ ‘ಹಾಡು’, ಕ್ಲೆರಿಕ್ ‘ಪೂಜೆ’, ಪ್ಯಾಲಡಿನ್ ‘ಆಣೆ’, ವಿಜರ್ಡ್ ‘ಮಂತ್ರ’, ವಾರ್ಲಾಕ್ ‘ಕರಾರು’. ಸಾರ್ಸರರ್‌ಗೆ ‘ಹುಟ್ಟುಮಂತ್ರ’ ಎಂದು ಬರೆದಿದ್ದು, ಅಕ್ಷರದ ಅಳತೆಯನ್ನು ಒಂದು ಮೆಟ್ಟಿಲು ಇಳಿಸಿದ ಮೇಲೆ ಅದೂ ಚೌಕದೊಳಗೆ ಕುಳಿತಿತು. ಲಿಂಗದ ತೊಡಕೂ ‘ಗಾರ’ ಪ್ರತ್ಯಯದ ತೊಡಕೂ ಇದರಿಂದ ತಪ್ಪಿದವು. ಗೂಢಚಾರನಾಗಬಯಸುವವರು ಕನ್ನದ ಕೌಶಲವನ್ನು ಯಾವುದಕ್ಕೆ ಬಳಸುತ್ತಾರೋ ಅವರಿಗೆ ಬಿಟ್ಟದ್ದು. ‘ಭಾಗವತ’ರನ್ನು ಉಡುಪಿಯವರಿಂದ ಸಂತೋಷವಾಗಿ ತೆಗೆದುಕೊಂಡಿದ್ದೇನೆ. ಚೌಕದ ಮೇಲಿನ ಶೀರ್ಷಿಕೆ ‘ಕಸುಬು’.

ಮರುಓಲೆ, ಧಾರವಾಡದಿಂದ

‘ಕಸುಬು’ ಅರಬ್ಬಿ. ‘ಕರಾರು’ ಕೂಡ.

ಮರುಓಲೆ, ಮೈಸೂರಿನಿಂದ

ಹೌದು ಸರ್. ಹಾಳೆಗಳು ನಾಲ್ಕು ಗಂಟೆಗೇ ಅಚ್ಚಿಗೆ ಹೋದವು.