ಓದುಗರ ಸ್ಪಂದನ: ‘ಗರ್ಭಕೋಶದ ಬಾಯಿ ಚಿಕ್ಕದಿದೆ ಎಂದರು, ಅಂದಿನಿಂದ ನಿದ್ದೆಯಿಲ್ಲ’

ಕಳೆದ ಸಂಚಿಕೆಯಲ್ಲಿ ಓದುಗಿಯೊಬ್ಬರು ತಮ್ಮ ಕಷ್ಟ ಹೇಳಿಕೊಂಡಿದ್ದರು. ಅವರಿಗೆ 27 ವರ್ಷ, ಇದು ಮೊದಲ ಬಸಿರು. ಐದನೇ ತಿಂಗಳ ಸ್ಕ್ಯಾನಿನಲ್ಲಿ ಸರ್ವಿಕ್ಸ್, ಅಂದರೆ ಗರ್ಭಕೋಶದ ಬಾಯಿಯ ಭಾಗ, 19 ಮಿ.ಮೀ. ಉದ್ದ ಮಾತ್ರ ಇದೆ ಎಂದು ಬಂದಿದೆ. ಡಾಕ್ಟರು ರಾತ್ರಿ ಯೋನಿಯೊಳಗೆ ಇಟ್ಟುಕೊಳ್ಳುವ ಪ್ರೊಜೆಸ್ಟರಾನ್ (ಬಸಿರು ಉಳಿಯಲು ನೆರವಾಗುವ ಹಾರ್ಮೋನ್) ಮಾತ್ರೆ ಬರೆದುಕೊಟ್ಟು, ಎರಡು ವಾರ ಬಿಟ್ಟು ಬರಲು ಹೇಳಿದ್ದಾರೆ. ಅತ್ತೆ ಮಂಚ ಬಿಟ್ಟು ಇಳಿಯಲು ಬಿಡುತ್ತಿಲ್ಲ. ಸ್ಕೂಟರ್ ಓಡಿಸಿದ್ದಕ್ಕೇ ಹೀಗಾಯಿತು ಎನ್ನುತ್ತಾರೆ ಅಕ್ಕಪಕ್ಕದವರು. ಗಂಡ ಬಾಯಿ ಬಿಡುತ್ತಿಲ್ಲ. ಗರ್ಭದ ಬಾಯಿಗೆ ಹೊಲಿಗೆ ಹಾಕುತ್ತಾರೆ ಎಂದು ಕೇಳಿ ಓದುಗಿ ಇನ್ನಷ್ಟು ಹೆದರಿದ್ದಾರೆ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ತಂಗಿ, ಆ ಸ್ಕೂಟರ್ ಮಾತನ್ನು ಮೊದಲು ತಲೆಯಿಂದ ತೆಗೆದುಹಾಕು. ಗಾಡಿ ಓಡಿಸಿದ್ದು, ಮೆಟ್ಟಿಲು ಹತ್ತಿದ್ದು, ಕೊಡ ಎತ್ತಿದ್ದು, ಇವುಗಳಿಂದ ಸರ್ವಿಕ್ಸ್ ಚಿಕ್ಕದಾಗುತ್ತದೆ ಎನ್ನಲು ಯಾವ ಆಧಾರವೂ ಇಲ್ಲ. ಕೆಲವರಿಗೆ ಹುಟ್ಟಿನಿಂದಲೇ ಹಾಗಿರುತ್ತದೆ. ಕೆಲವರಿಗೆ ಹಿಂದೆ ಆ ಭಾಗದಲ್ಲಿ ಆದ ಆಪರೇಷನ್ ಕಾರಣವಿರಬಹುದು. ಬಹಳ ಜನಕ್ಕೆ ಕಾರಣವೇ ಗೊತ್ತಾಗುವುದಿಲ್ಲ. ನನಗೂ ಗೊತ್ತಾಗಲಿಲ್ಲ.

ನನ್ನ ಅಳತೆ ನಿನ್ನದಕ್ಕಿಂತ ಕಡಿಮೆ ಇತ್ತು. ಆ ದಿನಗಳಲ್ಲಿ ಬಾತ್‌ರೂಮಿಗೆ ಹೋಗಲೂ ಭಯ. ಹೋದಾಗೆಲ್ಲ ರಕ್ತ ಕಾಣುತ್ತದಾ ಎಂದು ನೋಡುವುದು. ಹೊಟ್ಟೆ ಸ್ವಲ್ಪ ಬಿಗಿಯಾದರೆ ಎದೆ ಡವಡವ. ಮಗು ಒದ್ದರೂ ಹೆದರಿಕೆ, ಸುಮ್ಮನಿದ್ದರೂ ಹೆದರಿಕೆ. ನಡುರಾತ್ರಿ ಮೊಬೈಲ್ ಹಿಡಿದು ಯಾರ್‍ಯಾರದೋ ಕಥೆ ಓದುವುದು, ಓದಿ ಅಳುವುದು. ನಿನಗೂ ಹೀಗೆಲ್ಲ ಆಗುತ್ತಿದ್ದರೆ ನೀನು ದುರ್ಬಲಳು ಅಂತಲ್ಲ. ಹೊಟ್ಟೆಯಲ್ಲಿರುವ ಕೂಸಿನ ಮೇಲೆ ಇಷ್ಟೊಂದು ಜೀವ ಇಟ್ಟುಕೊಂಡವಳಿಗೆ ನಿದ್ದೆ ಹೇಗೆ ಬಂದೀತು, ಹೇಳು?

ನನಗೆ ನಿಜವಾಗಿ ಧೈರ್ಯ ಬಂದದ್ದು ಒಂಬತ್ತು ತಿಂಗಳ ಲೆಕ್ಕ ಬಿಟ್ಟಮೇಲೆ. ನಮ್ಮ ಡಾಕ್ಟರಮ್ಮನೇ ಹೇಳಿಕೊಟ್ಟರು. ಮೊದಲು 24 ವಾರ ಮುಟ್ಟೋಣ. ಆಮೇಲೆ 28. ಆಮೇಲೆ 32, 34. ದೊಡ್ಡವರಿಗೆ ನಾಲ್ಕು ವಾರ ಏನೂ ಅಲ್ಲ. ಒಳಗಿರುವ ಮಗುವಿಗೆ ಅದು ಬಹಳ ದೊಡ್ಡದು. 24ಕ್ಕೆ ಹುಟ್ಟಿದ ಮಗು ಪಡುವ ಕಷ್ಟಕ್ಕೂ 28ಕ್ಕೆ ಹುಟ್ಟಿದ ಮಗು ಪಡುವ ಕಷ್ಟಕ್ಕೂ ಅಜಗಜಾಂತರ. ಹಾಗಾಗಿ ಒಂದು ವಾರ ಮುಗಿದರೆ ನಮ್ಮನೆಯಲ್ಲಿ ಪಾಯಸ. ಹೌದು, ಪ್ರತಿ ವಾರ! ನಮ್ಮಮ್ಮ ಬೇಜಾರಿಲ್ಲದೆ ಮಾಡಿಕೊಟ್ಟರು.

ಇನ್ನೊಂದು ಮಾತು. ಸೀಮಂತ ಬೇಡ, ಜನ ನೋಡಿದರೆ ದೃಷ್ಟಿ ಎಂದು ಯಾರಾದರೂ ಹೇಳಬಹುದು. ನಾವು ಮಾಡಿದೆವು. ಕುರ್ಚಿ ಹಾಕಿ ಕೂರಿಸಿ, ಮನೆಯವರಷ್ಟೇ ಸೇರಿ, ಹಸಿರು ಬಳೆ ತೊಡಿಸಿದರು. ಆವತ್ತು ನಾನೂ ಎಲ್ಲರ ಹಾಗೆ ಬಸುರಿ ಅನ್ನಿಸಿತು. ಅಲ್ಲಿಯವರೆಗೆ ಬರೀ ರೋಗಿ ಅನ್ನಿಸುತ್ತಿತ್ತು. ಎಂಟೂವರೆ ತಿಂಗಳು ತುಂಬಿದ ಮೇಲೆ ಮಗಳು ಹುಟ್ಟಿದಳು. ಈಗ ಎರಡನೇ ಕ್ಲಾಸು.
— ದಾವಣಗೆರೆಯ ತಾಯಿ

ಹೆರಿಗೆ ತಜ್ಞೆಯಾಗಿ ಕೆಲವು ವಿಷಯ ಸ್ಪಷ್ಟ ಮಾಡುತ್ತೇನೆ. 24 ವಾರದೊಳಗೆ ಸರ್ವಿಕ್ಸ್ 25 ಮಿ.ಮೀ.ಗಿಂತ ಕಡಿಮೆ ಇದ್ದರೆ ನಾವು ಚಿಕ್ಕದು ಎನ್ನುತ್ತೇವೆ. ಅವಧಿಗೆ ಮುಂಚೆ ಹೆರಿಗೆಯಾಗುವ ಸಂಭವ ಜಾಸ್ತಿ ಎಂದು ಅದರ ಅರ್ಥ. ಆಗಿಯೇ ತೀರುತ್ತದೆ ಎಂದಲ್ಲ.

2007ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಅದರಲ್ಲಿದ್ದವರ ಸರ್ವಿಕ್ಸ್ 15 ಮಿ.ಮೀ. ಅಥವಾ ಇನ್ನೂ ಕಡಿಮೆ, ಅಂದರೆ ನಿಮಗಿಂತ ಚಿಕ್ಕದು. ಅರ್ಧ ಜನಕ್ಕೆ ಪ್ರತಿ ರಾತ್ರಿ 200 ಮಿ.ಗ್ರಾಂ. ಪ್ರೊಜೆಸ್ಟರಾನ್ ಕೊಟ್ಟರು. ಉಳಿದವರಿಗೆ ಔಷಧಿ ಇಲ್ಲದ ಮಾತ್ರೆ. ಔಷಧಿ ಪಡೆದವರಲ್ಲಿ 34 ವಾರದೊಳಗೆ ಹೆತ್ತವರು 100ಕ್ಕೆ ಸುಮಾರು 19. ಪಡೆಯದವರಲ್ಲಿ ಸುಮಾರು 34. ನಿಮ್ಮ ಡಾಕ್ಟರು ಕೊಟ್ಟ ಮಾತ್ರೆಗೆ ಬೆಲೆ ಇದೆ ಎಂದು ಇದರಿಂದ ಗೊತ್ತಾಗುತ್ತದೆ. ಜೊತೆಗೆ, ಔಷಧಿ ಸಿಗದವರಲ್ಲೂ ಮೂರರಲ್ಲಿ ಇಬ್ಬರು 34 ವಾರ ದಾಟಿದರು ಎಂಬುದನ್ನು ಮರೆಯಬೇಡಿ.

ಮಂಚ ಬಿಟ್ಟು ಇಳಿಯದೆ ಮಲಗುವುದು ಬೇಡ. ಅದರಿಂದ ಹೆರಿಗೆ ಮುಂದಕ್ಕೆ ಹೋಗುತ್ತದೆ ಎಂದು ಯಾರೂ ತೋರಿಸಿಲ್ಲ. ಅಮೆರಿಕದಲ್ಲಿ ಮೊದಲ ಬಸಿರಿನವರನ್ನು ಗಮನಿಸಿ 2013ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಓಡಾಟ ಕಡಿಮೆ ಮಾಡಿಸಿದವರಲ್ಲೇ ಅವಧಿಪೂರ್ವ ಹೆರಿಗೆ ಜಾಸ್ತಿ ಇತ್ತು. ಮಲಗಿದ್ದಕ್ಕೇ ಹಾಗಾಯಿತು ಎಂದು ಅಷ್ಟರಿಂದ ಹೇಳಲಾಗದು. ಆದರೆ ಲಾಭವಂತೂ ಕಾಣಲಿಲ್ಲ. ದಿನವಿಡೀ ಮಲಗಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ, ಮೈಯ ಬಲ ಕುಗ್ಗುತ್ತದೆ, ಮನಸ್ಸೂ ಕುಗ್ಗುತ್ತದೆ. ಭಾರ ಎತ್ತಬೇಡಿ, ಗಂಟೆಗಟ್ಟಲೆ ನಿಲ್ಲಬೇಡಿ. ಮನೆಯೊಳಗೆ ಓಡಾಡಿ, ಸ್ನಾನ ಮಾಡಿ, ಎಲ್ಲರ ಜೊತೆ ಕೂತು ಊಟ ಮಾಡಿ. ಗಂಡ ಹೆಂಡತಿ ಸೇರಬಹುದೇ, ಗಾಡಿ ಓಡಿಸಬಹುದೇ ಎಂಬುದನ್ನು ನಿಮ್ಮ ಡಾಕ್ಟರ ಹತ್ತಿರ ನಾಚದೆ ಕೇಳಿ. ನಾವು ದಿನಾ ಕೇಳುವ ಪ್ರಶ್ನೆಗಳೇ ಅವು.
— ಮೈಸೂರು

ಮಗಳೇ, ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿ ನಿವೃತ್ತಳಾದವಳು ನಾನು. ಡಾಕ್ಟರು ಹೇಳಲು ಪುರಸೊತ್ತಿಲ್ಲದ ಸಣ್ಣಪುಟ್ಟ ವಿಷಯ ಹೇಳುತ್ತೇನೆ.

ಮಾತ್ರೆಯನ್ನು ಮಲಗುವ ಮುಂಚೆ, ಕೈ ಚೆನ್ನಾಗಿ ತೊಳೆದು ಇಟ್ಟುಕೋ. ಆಮೇಲೆ ಏಳಬೇಡ. ಬೆಳಿಗ್ಗೆ ಬೆಳ್ಳಗೆ ಸ್ವಲ್ಪ ಸೋರಿದರೆ ಗಾಬರಿ ಬೇಡ, ಅದು ಮಾತ್ರೆಯದೇ. ನಿದ್ದೆಮಂಪರು, ತಲೆಸುತ್ತು ಬರಬಹುದು. ಮುಂದಿನ ಸಲ ಒಳಗಿನಿಂದ ಸ್ಕ್ಯಾನ್ ಮಾಡುವಾಗ ಮೂತ್ರ ಮಾಡಿ ಹೋಗು. ಮೂತ್ರಕೋಶ ತುಂಬಿದ್ದರೆ ಅಳತೆ ಸರಿಯಾಗಿ ಬರುವುದಿಲ್ಲ. ಆ ಸ್ಕ್ಯಾನಿನಿಂದ ಮಗುವಿಗೆ ಏನೂ ಆಗದು.

ಯೋನಿಯಿಂದ ನೀರಿನಂತೆ ತೆಳ್ಳಗೆ ಸೋರಿದರೆ, ರಕ್ತ ಕಂಡರೆ, ಹೊಟ್ಟೆ ಬಿಟ್ಟುಬಿಟ್ಟು ಬಿಗಿಯಾದರೆ, ಸೊಂಟ ಎಳೆದಂತಾಗಿ ಕೆಳಗೆ ಒತ್ತಿದಂತಾದರೆ ಬೆಳಗಾಗಲಿ ಎಂದು ಕಾಯಬೇಡ. 108ಕ್ಕೆ ಫೋನ್ ಮಾಡು. ತಾಯಿ ಕಾರ್ಡು, ಸ್ಕ್ಯಾನ್ ರಿಪೋರ್ಟು ಒಂದೇ ಚೀಲದಲ್ಲಿರಲಿ. ಹೆರಿಗೆ ಬೇಗ ಆಗುವ ಸೂಚನೆ ಇದ್ದರೆ 24ರಿಂದ 34 ವಾರದೊಳಗೆ ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಮಗುವಿನ ಶ್ವಾಸಕೋಶ ಬಲಿಯಲು ಅದು. ಅದು ಕೆಲಸ ಮಾಡಲು ಸಮಯ ಬೇಕು. ಅದಕ್ಕೇ ಬೇಗ ಬಾ ಎನ್ನುತ್ತೇವೆ. ನಿನ್ನ ಆಸ್ಪತ್ರೆಯಲ್ಲಿ ಎನ್‌ಐಸಿಯು, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕ, ಇದೆಯಾ ಎಂದು ಈಗಲೇ ವಿಚಾರಿಸು. ಇಲ್ಲದಿದ್ದರೆ ಯಾವ ಆಸ್ಪತ್ರೆಗೆ ಹೋಗಬೇಕು ಎಂದು ಗೊತ್ತು ಮಾಡಿಕೋ.

ಹೊಲಿಗೆ ಹಾಕುತ್ತಾರೆ ಎಂದು ಕೇಳಿ ಹೆದರಿದ್ದೀಯಲ್ಲ, ಒಂದು ಸಂಗತಿ ಹೇಳಲೇಬೇಕು. ಚೀಲದ ಬಾಯಿಗೆ ದಾರ ಬಿಗಿದಂತೆ ಗರ್ಭದ ಬಾಯಿಗೆ ಹೊಲಿಗೆ ಹಾಕುವ ಒಂದು ವಿಧಾನವನ್ನು 1955ರಲ್ಲಿ ಜಗತ್ತಿಗೆ ಕೊಟ್ಟವರು ಮುಂಬೈಯ ಡಾ. ವಿ.ಎನ್. ಶಿರೋಡ್ಕರ್. ಗೋವಾದವರು, ಆದರೆ ಶಾಲೆ ಕಲಿತದ್ದು ನಮ್ಮ ಹುಬ್ಬಳ್ಳಿಯಲ್ಲಿ. ಇವತ್ತಿಗೂ ಆ ಹೊಲಿಗೆಗೆ ಅವರದೇ ಹೆಸರು. ನಿನ್ನಂತೆ ಮೊದಲ ಬಸಿರಾಗಿದ್ದರೆ ಸಾಮಾನ್ಯವಾಗಿ ಮಾತ್ರೆಯಿಂದಲೇ ಶುರು ಮಾಡುತ್ತಾರೆ. ಅಳತೆ ಇನ್ನೂ ಇಳಿದರೆ ಹೊಲಿಗೆಯ ಮಾತು ಬರಬಹುದು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಹಾಕುತ್ತಾರೆ, ನೋವು ತಿಳಿಯುವುದಿಲ್ಲ. 36–37 ವಾರಕ್ಕೆ ಬಿಚ್ಚುತ್ತಾರೆ.
— ಹುಬ್ಬಳ್ಳಿ

ನಾನು ಮೊದಲ ಮಗುವನ್ನು ಆರನೇ ತಿಂಗಳಲ್ಲಿ ಕಳೆದುಕೊಂಡವಳು. ನಿಮ್ಮನ್ನು ಹೆದರಿಸಲು ಬರೆಯುತ್ತಿಲ್ಲ. ಆಗ ನನ್ನ ಸರ್ವಿಕ್ಸ್ ಯಾರೂ ಅಳೆದಿರಲಿಲ್ಲ. ನೋವೂ ಇಲ್ಲದೆ ಬಾಯಿ ತೆರೆದುಕೊಂಡಿತ್ತು. ಎರಡನೇ ಸಲ ಮೂರು ತಿಂಗಳು ತುಂಬುತ್ತಿದ್ದಂತೆ ಹೊಲಿಗೆ ಹಾಕಿದರು. ಮಗ ದಿನ ತುಂಬಿ ಹುಟ್ಟಿದ. ನಿಮಗೆ ಬಂದ ಸುದ್ದಿ ಕೆಟ್ಟದ್ದು, ನಿಜ. ಆದರೆ ಅದು ಸಮಯಕ್ಕೆ ಸರಿಯಾಗಿ ಬಂದಿದೆ. ನನಗೆ ಆ ಸುದ್ದಿ ಬರಲೇ ಇಲ್ಲ. ಆ ಮಗುವನ್ನು ನೆನೆಯದ ದಿನ ಇಲ್ಲ. ದಯವಿಟ್ಟು ಮುಂದಿನ ಸ್ಕ್ಯಾನ್ ತಪ್ಪಿಸಬೇಡಿ.
— ಉಡುಪಿ ಜಿಲ್ಲೆಯ ಓದುಗಿ

ಇದು ಆ ಹುಡುಗಿಯ ಅತ್ತೆಗೆ. ಅಮ್ಮಾ, ನಿಮ್ಮ ಕಾಳಜಿ ನನಗೆ ಅರ್ಥವಾಗುತ್ತದೆ, ನಾನೂ ಸೊಸೆ ಇರುವವಳೇ. ಆದರೆ ಡಾಕ್ಟರು ಹೇಳದ ಪಥ್ಯ ಹಾಕಬೇಡಿ. ಮುಂದಿನ ಸಲ ಅವಳ ಜೊತೆ ನೀವೂ ಆಸ್ಪತ್ರೆಗೆ ಹೋಗಿ ನೇರವಾಗಿ ಕೇಳಿ. ಬೇಳೆ, ಸೊಪ್ಪು, ಹಣ್ಣು ಚೆನ್ನಾಗಿ ಕೊಡಿ, ಮಲಬದ್ಧತೆ ಆಗದಂತೆ ನೋಡಿಕೊಳ್ಳಿ. ಅಕ್ಕಪಕ್ಕದವರು ಸ್ಕೂಟರ್ ಪುರಾಣ ತೆಗೆದರೆ ಬಾಗಿಲಲ್ಲೇ ನಿಲ್ಲಿಸಿ. ಆ ಕೆಲಸ ನಿಮ್ಮಿಂದಲೇ ಆಗಬೇಕು, ಸೊಸೆ ಮಾತಾಡಿದರೆ ಎದುರುತ್ತರ ಎನ್ನುತ್ತಾರೆ.
— ತುಮಕೂರು

ಗಂಡನಿಗೆ ಒಂದು ಪತ್ರ. ತಮ್ಮಾ, ನೀನು ಸುಮ್ಮನಿರುವುದು ಹೆದರಿಕೆಯಿಂದ ಎಂದು ನನಗೆ ಗೊತ್ತು. ನಾನೂ ಹಾಗೇ ಇದ್ದೆ. ಆದರೆ ಅವಳಿಗೆ ಅದು ಸಿಟ್ಟಿನಂತೆ ಕಾಣುತ್ತದೆ. ‘ನನಗೂ ಭಯ ಆಗ್ತಿದೆ’ ಅಂತ ಹೇಳು, ಸಾಕು. ಸ್ಕ್ಯಾನ್ ದಿನ ರಜೆ ಹಾಕಿ ಜೊತೆಗೆ ಹೋಗು. ಅಳತೆ ಎಷ್ಟು ಬಂತು, ಏನು ಹೇಳಿದರು ಎಂದು ನೀನೇ ಬರೆದುಕೋ, ಅವಳಿಗೆ ಆ ಹೊತ್ತಿನಲ್ಲಿ ಏನೂ ತಲೆಗೆ ಹೋಗುವುದಿಲ್ಲ.

ಅವಳು ಕೆಲಸಕ್ಕೆ ಹೋಗುವವಳಾದರೆ ರಜೆಯ ವಿಷಯವನ್ನೂ ನೋಡು. ಮೊದಲ ಎರಡು ಮಕ್ಕಳಿಗೆ ಕಾನೂನು ಕೊಡುವ 26 ವಾರದ ಸಂಬಳಸಹಿತ ರಜೆಯಲ್ಲಿ 8 ವಾರದವರೆಗೆ ಹೆರಿಗೆಗೆ ಮೊದಲೇ ತೆಗೆದುಕೊಳ್ಳಬಹುದು. ಬಸಿರಿನಿಂದಾಗಿ ಆರೋಗ್ಯ ಕೆಟ್ಟರೆ, ಡಾಕ್ಟರ ಸರ್ಟಿಫಿಕೇಟ್ ಕೊಟ್ಟು ಇದಲ್ಲದೆ ಇನ್ನೂ ಒಂದು ತಿಂಗಳವರೆಗೆ ಸಂಬಳಸಹಿತ ರಜೆ ಕೇಳಬಹುದು. ಎಷ್ಟೋ ಕಚೇರಿಗಳಲ್ಲಿ ಇದನ್ನು ತಾವಾಗಿ ಹೇಳುವುದಿಲ್ಲ. ಅರ್ಜಿ ನೀನೇ ಬರೆದುಕೊಡು, ಅವಳು ಸಹಿ ಮಾಡಿದರೆ ಆಯಿತು.
— ಬೆಂಗಳೂರು