ಅಕ್ಕ-ತಂಗಿ ಜಗಳದ ಕಾದಂಬರಿ: ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದವರು ಅನುಭವ ಹೇಳಿ

ಹೊಸಬರಹ: ಅಕ್ಕ ಲೆಕ್ಕಾಚಾರದವಳು, ತಂಗಿ ನಾಟಕದ ಹುಚ್ಚಿನವಳು. ಅಪ್ಪನ ಮನೆಗಾಗಿ ಅಕ್ಕ ಸುಳ್ಳು ಹೇಳಿ ತಂಗಿಯಿಂದ ಹಕ್ಕು ಖುಲಾಸೆ ಪತ್ರಕ್ಕೆ, ಅಂದರೆ ಆಸ್ತಿಯಲ್ಲಿ ತನ್ನ ಪಾಲು ಬಿಟ್ಟುಕೊಟ್ಟೆ ಅನ್ನುವ ಕಾಗದಕ್ಕೆ, ಸಹಿ ಹಾಕಿಸಿಕೊಳ್ಳುತ್ತಾಳೆ. ಅರ್ಧ ನಮ್ಮನೆಯದೇ ಕಥೆ. ಪ್ರಕಾಶಕರಿಗೆ ಕೊಡಲೋ, ನಾನೇ ಅಚ್ಚು ಹಾಕಿಸಲೋ?

ಮಲೆನಾಡುಮಳೆ: ನಾನೇ ಹಾಕಿಸಿದೆ, 500 ಪ್ರತಿ. ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ, ಪುಟ ಜೋಡಿಸುವುದು) 6,300, ಕರಡು ತಿದ್ದಿದವರಿಗೆ 4,000, ಮುಖಪುಟ 3,500, ಅಚ್ಚು ಮತ್ತು ಬೈಂಡಿಂಗ್ 52,000. ಒಟ್ಟು 65,800, ಅಂದರೆ ಪ್ರತಿಗೆ 131 ರೂಪಾಯಿ ಮೇಲೆ ಬಿತ್ತು. ಬೆಲೆ 250 ಇಟ್ಟೆ. ಅಂಗಡಿಯವರು ಅರ್ಧಕ್ಕರ್ಧ ಕಮಿಷನ್ ಕೇಳಿದರು. ಕೈಗೆ 125! ಸರಿ, ಅಂಚೆಯಲ್ಲೇ ಮಾರೋಣ ಅಂದುಕೊಂಡರೆ 2024ರ ಡಿಸೆಂಬರಿನಲ್ಲಿ ಪುಸ್ತಕಗಳಿಗಿದ್ದ ಅಗ್ಗದ ಅಂಚೆ, ರಿಜಿಸ್ಟರ್ಡ್ ಬುಕ್ ಪೋಸ್ಟೇ ನಿಂತುಹೋಯಿತು. ಇದರ ಜೊತೆಗೆ ಬರೆದದ್ದನ್ನು ನುಡಿ ತಂತ್ರಾಂಶದ ಅಕ್ಷರಗಳಿಂದ ಯುನಿಕೋಡ್ ಅಕ್ಷರಗಳಿಗೆ ತಿರುಗಿಸುವಾಗ ಅರ್ಕಾವೊತ್ತುಗಳೆಲ್ಲ ಚೆಲ್ಲಾಪಿಲ್ಲಿ. ಆದರೂ ಪುಸ್ತಕ ನನ್ನದು, ಯಾರ ಹಂಗೂ ಇಲ್ಲ.

ಕಾವೇರಿತೀರ: ಇಷ್ಟೆಲ್ಲ ಯಾಕೆ ಬೇಕಿತ್ತು? ನಾನು ಪ್ರಕಾಶಕರಿಗೆ ಕೊಟ್ಟೆ. ಒಂದು ಪೈಸೆ ಖರ್ಚಿಲ್ಲ. ಗೌರವಧನದ ಬದಲು 25 ಪ್ರತಿ ಕೊಟ್ಟರು. ಗ್ರಂಥಾಲಯ ಖರೀದಿಗೆ ಅರ್ಜಿ ಹಾಕುವ ತಲೆನೋವೂ ಅವರದ್ದೇ.

ಮಲೆನಾಡುಮಳೆ: 25 ಪ್ರತಿಗೆ ಕಾದಂಬರಿ ಬರೆದುಕೊಟ್ಟಿರಿ ಅನ್ನಿ.

ಕಾವೇರಿತೀರ: ನಿಮ್ಮ ಹಾಗೆ ಮಂಚದ ಕೆಳಗೆ ಕಟ್ಟು ಕಟ್ಟಿ ಇಟ್ಟುಕೊಂಡಿಲ್ಲ. ನನ್ನದನ್ನು ಜನ ಓದುತ್ತಿದ್ದಾರೆ.

ಬಯಲುಸೀಮೆ: ಪುಸ್ತಕದ ಗುರುತಿನ ಸಂಖ್ಯೆ, ಐಎಸ್‌ಬಿಎನ್, ಮಾಡಿಸಿಕೊಡ್ತೀನಿ ಅಂತ ಒಬ್ಬ ನನ್ನ ಹತ್ತಿರ 1,500 ಕಿತ್ತುಕೊಂಡ. ರಾಜಾ ರಾಮಮೋಹನ್ ರಾಯ್ ಏಜೆನ್ಸಿಯ ಪೋರ್ಟಲ್‌ನಲ್ಲಿ ಅದು ಪುಕ್ಕಟೆ. ಇನ್ನು ಅಕ್ಕನ ಕಥೆ. ನಾನೂ ನನ್ನ ಅಕ್ಕನ ಬಗ್ಗೆ ಊರು, ಹೆಸರು ಎರಡನ್ನೂ ಬದಲಿಸಿ ಬರೆದೆ. ಅಕ್ಕ ಮೂರನೇ ಪುಟದಲ್ಲೇ ಗುರುತು ಹಿಡಿದಳು. ಮಗನ ಮದುವೆಗೂ ಕರೆಯಲಿಲ್ಲ. ಕರೆಯದಿದ್ದರೆ ಬಿಡಲಿ, ಬರೆದದ್ದು ನಿಜ.

ಕರಿಕೋಟು: ನಿಜ ಅಂದ ಮಾತ್ರಕ್ಕೆ ಆಗಲಿಲ್ಲ. ಮಾನಹಾನಿಗೆ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ. ನಿಜದ ಜೊತೆಗೆ ಸಾರ್ವಜನಿಕ ಹಿತವನ್ನೂ ತೋರಿಸಬೇಕು. 'ಎಲ್ಲವೂ ಕಾಲ್ಪನಿಕ' ಅಂತ ಒಂದು ಸಾಲು ಹಾಕಿಬಿಟ್ಟರೆ ಬಚಾವ್ ಅಂದುಕೊಳ್ಳಬೇಡಿ. ಕಥೆಯಲ್ಲೂ ಒಂದು ತೂತಿದೆ. ಆಸ್ತಿಯ ಖುಲಾಸೆ ಪತ್ರ ನೋಂದಣಿ ಆಗಬೇಕು. ತಂಗಿ ಸಬ್ ರಿಜಿಸ್ಟ್ರಾರ್ ಮುಂದೆ ಫೋಟೋ, ಹೆಬ್ಬೆಟ್ಟು ಕೊಡಬೇಕು. ಗೊತ್ತಿಲ್ಲದೆ ಕೊಟ್ಟಳು ಅಂದರೆ ಯಾರು ನಂಬ್ತಾರೆ?

ತುಂಗಭದ್ರೆ: ನಾನು ನಂಬ್ತೀನಿ. ನನ್ನನ್ನೂ ಕಚೇರಿಗೇ ಕರೆದುಕೊಂಡು ಹೋಗಿದ್ದರು. ಖಾತೆ ಬದಲಾವಣೆಗೆ ಅಂದರು. ಬೆಳಿಗ್ಗೆಯಿಂದ ಕಾಯಿಸಿ, ಸಂಜೆ ಐದು ನಿಮಿಷದಲ್ಲಿ ಮುಗಿಸಿದರು. ಓದಿ ಹೇಳಿದವರು ಯಾರೂ ಇಲ್ಲ. ದಾವೆ ಹಾಕಿದರೆ ನಿಮ್ಮಂಥ ವಕೀಲರೇ 40,000 ಮುಂಗಡ ಕೇಳಿದರು.

ಕರಿಕೋಟು: ಅಮ್ಮಾ, ನಾನು ಹೇಳಿದ್ದು ಕಾದಂಬರಿ ಬಗ್ಗೆ.

ತುಂಗಭದ್ರೆ: ನಾನೂ ಅದನ್ನೇ ಹೇಳ್ತಿರೋದು. ಅಕ್ಕ ಜೊತೆಗೇ ನಿಂತಿರುವಾಗ ತಂಗಿ ಕಾಗದ ಓದೋಕೆ ಹೋಗ್ತಾಳಾ? ಹೊಸಬರಹ ಅವರೇ, ಆ ದೃಶ್ಯ ತೆಗೀಬೇಡಿ.

ಮಲೆನಾಡುಮಳೆ: ಅಂದಹಾಗೆ ನನ್ನ ಪ್ರತಿಗಳು ಮಂಚದ ಕೆಳಗಿಲ್ಲ, ಅಟ್ಟದ ಮೇಲಿವೆ. ಬೇಕಾದವರು 150 ಕಳಿಸಿ.