ಮಳೆಗಾಲಕ್ಕೆ ಲ್ಯಾಪ್‌ಟಾಪ್: ಸ್ಲೀಪೋ, ಹೈಬರ್ನೇಟೋ, ಶಟ್‌ಡೌನೋ?

ನಾಪೋಕ್ಲಿನಿಂದ ಪ್ರಶ್ನೆ: ತೋಟದ ಲೆಕ್ಕ ಬರೆಯುವ ವಿಂಡೋಸ್ 11 ಲ್ಯಾಪ್‌ಟಾಪ್. ಮಳೆಗಾಲದಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೋ ಹೇಳಲಾಗದು. ರಾತ್ರಿ ಸ್ಲೀಪ್‌ನಲ್ಲಿಟ್ಟರೆ ಬೆಳಿಗ್ಗೆ ಬ್ಯಾಟರಿ ಖಾಲಿ. ಹೈಬರ್ನೇಟ್ ಮೆನುವಿನಲ್ಲೇ ಇಲ್ಲ. ಏನು ಮಾಡಲಿ?

ಮಡಿಕೇರಿಯಿಂದ: ನಿಮಗೆ ಹೈಬರ್ನೇಟೇ ಸರಿ, ಅಕ್ಕ. ಸ್ಲೀಪ್‌ನಲ್ಲಿ ತೆರೆದ ಕೆಲಸ ರ್‍ಯಾಮ್‌ನಲ್ಲಿರುತ್ತದೆ. ಬ್ಯಾಟರಿ ಮುಗಿದರೆ ಸೇವ್ ಮಾಡದ ಲೆಕ್ಕ ಹೋಯಿತು. ಹೈಬರ್ನೇಟ್ ಅದನ್ನೆಲ್ಲ ಡಿಸ್ಕಿಗೆ ಬರೆದು ಆಮೇಲೆ ಆಫ್ ಆಗುತ್ತದೆ. ಮೆನುವಿಗೆ ತರಲು ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ, ಎಡಗಡೆಯ ‘ಚೂಸ್ ವಾಟ್ ದ ಪವರ್ ಬಟನ್ಸ್ ಡೂ’ ಒತ್ತಿ. ಮೇಲಿನ ‘ಚೇಂಜ್ ಸೆಟ್ಟಿಂಗ್ಸ್ ದಟ್ ಆರ್ ಕರೆಂಟ್ಲಿ ಅನ್‌ಅವೈಲಬಲ್’ ಒತ್ತಿದ ಮೇಲೆಯೇ ಕೆಳಗೆ ಟಿಕ್ ಹಾಕಲು ಬಿಡುತ್ತದೆ. ಅಲ್ಲಿ ಹೈಬರ್ನೇಟ್ ಹೆಸರೇ ಇಲ್ಲದಿದ್ದರೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘powercfg /h on’ ಎಂದು ಇಂಗ್ಲಿಷಿನಲ್ಲಿ ಕೊಡಿ. ಸಿ ಡ್ರೈವ್‌ನಲ್ಲಿ ರ್‍ಯಾಮ್‌ನ ಸುಮಾರು 40% ಜಾಗ ಹಿಡಿಯುತ್ತದೆ, 8 ಜಿಬಿಗೆ 3 ಜಿಬಿ ಚಿಲ್ಲರೆ. ಎಸ್‌ಎಸ್‌ಡಿ (ಚಿಪ್ಪಿನಲ್ಲಿ ಬರೆದಿಡುವ ಡಿಸ್ಕ್) ಸವೆಯುತ್ತದೆ ಎಂಬ ಹೆದರಿಕೆ ಬೇಡ, ದಿನಕ್ಕೊಮ್ಮೆ ಬರೆಯುವ ಇಷ್ಟು ಅದಕ್ಕೆ ಭಾರವಲ್ಲ.

ಸೋಮವಾರಪೇಟೆಯಿಂದ: ಬ್ಯಾಟರಿ ಏಕೆ ಇಳಿಯುತ್ತದೆ ಅನ್ನುವುದನ್ನೂ ನೋಡಿ. ಕಮಾಂಡ್ ಪ್ರಾಂಪ್ಟಿನಲ್ಲಿ ‘powercfg /a’ ಕೊಟ್ಟಾಗ ಲಭ್ಯವಿರುವ ಸ್ಲೀಪ್‌ಗಳ ಸಾಲಿನಲ್ಲಿ ‘S0’ ಎಂದು ಬಂದರೆ ನಿಮ್ಮದು ಮಾಡರ್ನ್ ಸ್ಟ್ಯಾಂಡ್‌ಬೈ. ಪರದೆ ಆರಿದರೂ ಒಳಗೆ ಅಪ್‌ಡೇಟ್, ಮೇಲ್ ಅಂತ ಕೆಲಸ ನಡೆಯಬಹುದು, ಬ್ಯಾಗಿನೊಳಗೆ ಬಿಸಿಯಾಗುವುದೂ ಇದರಿಂದಲೇ. ಅದೇ ಪವರ್ ಆಪ್ಷನ್ಸ್‌ನಲ್ಲಿ ಮುಚ್ಚಳ ಮುಚ್ಚಿದರೆ ಹೈಬರ್ನೇಟ್ ಆಗುವಂತೆ ಇಡಿ. ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನ ಬ್ಯಾಟರಿ ಭಾಗದಲ್ಲಿ ಕ್ರಿಟಿಕಲ್ ಆ್ಯಕ್ಷನ್ (ಬ್ಯಾಟರಿ ತೀರಾ ಇಳಿದಾಗ ಏನಾಗಬೇಕು ಎನ್ನುವುದು) ಹೈಬರ್ನೇಟ್ ಎಂದಿಡಿ, ಮಟ್ಟ 10%. ಊಟಕ್ಕೆ ಎದ್ದು ಹೋಗುವಷ್ಟಕ್ಕೆ ಸ್ಲೀಪ್ ಸಾಕು.

ಗೋಣಿಕೊಪ್ಪಲಿನಿಂದ: ಶಟ್‌ಡೌನ್ ಪೂರ್ತಿ ಬಿಡಬೇಡಿ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಕೂಡ ಅರ್ಧ ಹೈಬರ್ನೇಟೇ, ವಿಂಡೋಸ್‌ನ ಒಳಭಾಗ ಡಿಸ್ಕಿನಲ್ಲಿ ಉಳಿದು ಮತ್ತೆ ಅದೇ ಏಳುತ್ತದೆ. ಪ್ರಿಂಟರ್, ವೈಫೈ ಹಟ ಹಿಡಿದರೆ ರೀಸ್ಟಾರ್ಟ್ ಕೊಡಿ, ಇಲ್ಲವೇ ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್. ವಾರಕ್ಕೊಮ್ಮೆ ಹೀಗೆ ಮಾಡಿದರೆ ಒಳ್ಳೆಯದು.

ಇನ್ನೊಂದು, ಇದು ಬಹಳ ಮುಖ್ಯ: ಸಿಡಿಲಿಗೆ ಈ ಮೂರರಲ್ಲಿ ಯಾವುದೂ ಅಡ್ಡ ಬರುವುದಿಲ್ಲ. ಏಪ್ರಿಲ್-ಮೇ ಗುಡುಗು ಮಳೆಯಲ್ಲಿ ಮೋಡ ಕಟ್ಟುವಾಗಲೇ ಚಾರ್ಜರನ್ನು ಸಾಕೆಟ್ಟಿನಿಂದ ಕಿತ್ತಿಡಿ, ರೌಟರಿನಿಂದ ಬರುವ ಲ್ಯಾನ್ ವೈರನ್ನೂ. ಸ್ವಿಚ್ ಆಫ್ ಮಾಡಿದರೆ ಸಾಲದು.

ಭಾಗಮಂಡಲದಿಂದ: ವಾರಗಟ್ಟಲೆ ಮುಟ್ಟದಿದ್ದರೆ ಮಾತ್ರ ನಿಜವಾದ ಶಟ್‌ಡೌನ್, ಬ್ಯಾಟರಿ ಅರ್ಧದಷ್ಟು ತುಂಬಿಸಿ. ತೇವ ಇಳಿಯುವ ಗೋಡೆಯ ಬೀರುವಿನಲ್ಲಿ ಬಟ್ಟೆ ಬ್ಯಾಗಿನೊಳಗೆ ಇಟ್ಟರೆ ಬೂಷ್ಟು ಹಿಡಿಯುತ್ತದೆ. ಬಿಗಿ ಮುಚ್ಚಳದ ಡಬ್ಬಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ತೆಗೆದಾಗ ಮೈಮೇಲೆ ನೀರಿನ ಪಸೆ ಕಂಡರೆ ಪೂರ್ತಿ ಆರುವ ತನಕ ಆನ್ ಮಾಡಬೇಡಿ.